ಎದೆಯ ಪಾಯಿಂಟು

ಬೋರ್‌ವೆಲ್ ಲಾರಿ ಬರುವ ಎರಡು ದಿನ ಮೊದಲು ಪಾಯಿಂಟ್ ನೋಡುವವರು ಬಂದಿದ್ದರು. ಮಧುಗಿರಿ ತಾಲ್ಲೂಕು ದೊಡ್ಡೇರಿ ಹೋಬಳಿಯಲ್ಲಿರುವ ನಮ್ಮ ಚಿಕ್ಕಪ್ಪನ ಮಗನ ಹೊಲ ಅದು. ಆ ಹಿರಿಯರು ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಮಲಗಿಸಿಕೊಂಡು ಒಂದು ಬದುವಿನಿಂದ ಇನ್ನೊಂದು ಬದುವಿಗೆ ನಿಧಾನವಾಗಿ ನಡೆದರು. ಬೇವಿನ ಮರ ದಾಟಿ ಹತ್ತು ಹೆಜ್ಜೆ ಹೋದಾಗ ಕಾಯಿ ಎದ್ದು ನಿಂತಿತು. ಅಲ್ಲೊಂದು ಕಲ್ಲಿಡಿಸಿ, ಅರಿಶಿನ ಕುಂಕುಮ ಹಚ್ಚಿಸಿ, 'ಇಲ್ಲಿ ಹೊಡೆಸಪ್ಪ, ಏಳ್ನೂರು ಅಡಿ ದಾಟಲ್ಲ' ಅಂದರು. ತಮ್ಮ ತಲೆಯಾಡಿಸಿದ. ಇದು ಅವನ ನಾಲ್ಕನೆಯ ಬೋರು. ಹಿಂದಿನ ಸಲ ಮೀಟರ್ ಹಿಡಿದುಕೊಂಡು ನೆಲಕ್ಕೆ ಕಡ್ಡಿ ನೆಟ್ಟು ನೋಡುವ ಭೂವಿಜ್ಞಾನದವರನ್ನೇ ಕರೆಸಿದ್ದ. ಒಂಬೈನೂರು ಅಡಿಯವರೆಗೂ ಬರೀ ದೂಳು ಹಾರಿತ್ತು.

ಅದೇ ದಿನ ಸಂಜೆ ಅವನು ಒಂದು ಫೈಲು ತಂದು ನನ್ನ ಮುಂದಿಟ್ಟ. 'ಅಣ್ಣ, ಇದೊಂದು ಸ್ವಲ್ಪ ನೋಡು.'

ಹಾಸನದ ಹಠಾತ್ ಸಾವುಗಳ ಸುದ್ದಿ ಟಿ.ವಿ.ಯಲ್ಲಿ ಬೆಳಿಗ್ಗೆ ಸಂಜೆ ಬರುತ್ತಿದ್ದ ದಿನಗಳಲ್ಲಿ ತುಮಕೂರಿಗೆ ಹೋಗಿ ಒಂದು ಲ್ಯಾಬಿನಲ್ಲಿ 'ಫುಲ್ ಬಾಡಿ ಚೆಕಪ್' ಮಾಡಿಸಿಕೊಂಡು ಬಂದಿದ್ದನಂತೆ. ಹನ್ನೊಂದು ಹಾಳೆ, ಅರವತ್ತು ಚಿಲ್ಲರೆ ಸಾಲು. ಎಲ್ಲ ಕಪ್ಪು ಅಕ್ಷರದಲ್ಲಿದ್ದವು, ಒಂದು ಮಾತ್ರ ಕೆಂಪು. ಹೈ ಸೆನ್ಸಿಟಿವಿಟಿ ಸಿಆರ್‌ಪಿ: 11.4. ಕೆಳಗೆ ಸಣ್ಣಕ್ಷರದಲ್ಲಿ, 3ಕ್ಕಿಂತ ಹೆಚ್ಚಿದ್ದರೆ ಹೃದಯದ ಅಪಾಯ ಹೆಚ್ಚು ಎಂಬ ಒಕ್ಕಣೆ. ಮಿಕ್ಕಿದ್ದನ್ನು ಅವನ ಮೊಬೈಲು ಹೇಳಿ ಮುಗಿಸಿತ್ತು. ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. 'ನಾನೂ ಹಂಗೇ ಹೊಂಟೋಗ್ತೀನೇನಣ್ಣ?'

ನಾನು ಡಾಕ್ಟರಲ್ಲ. ಪತ್ರಿಕೆಗೆ ಆರೋಗ್ಯದ ಬಗ್ಗೆ ಬರೆಯುತ್ತೇನೆಂಬ ಒಂದೇ ಕಾರಣಕ್ಕೆ ಊರಿನವರು ನನ್ನನ್ನು ಅರ್ಧ ಡಾಕ್ಟರು ಮಾಡಿದ್ದಾರೆ. ಆದರೆ ಅವನ ಪಂಚೆಯ ಕೆಳಗೆ ಮೀನಖಂಡದ ಮೇಲೆ ಸುತ್ತಿದ್ದ ಬಟ್ಟೆ ಕಾಣಿಸುತ್ತಿತ್ತು. ಜಾಲಿ ಮುಳ್ಳು ಮುರಿದು ಒಳಗೇ ಉಳಿದು, ಕೀವಾಗಿ, ರಕ್ತ ಕೊಟ್ಟ ವಾರದಲ್ಲಿ ಜ್ವರವೂ ಬಂದಿತ್ತಂತೆ. ಮೈಯೊಳಗಿನ ಉರಿಯ ಗುರುತಾದ ಸಿಆರ್‌ಪಿ ಏರಲು ಅಷ್ಟು ಸಾಕು. ಹತ್ತಕ್ಕಿಂತ ಮೇಲೆ ಬಂದರೆ ಮೊದಲು ಸೋಂಕು ಎಲ್ಲಿದೆ ಹುಡುಕಬೇಕು, ಅದು ವಾಸಿಯಾದ ಮೇಲೆ, ಕೆಲವು ವಾರ ಬಿಟ್ಟು, ಮತ್ತೆ ನೋಡಬೇಕು. ಇದನ್ನು ಆ ಹನ್ನೊಂದು ಹಾಳೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬರೆದಿದ್ದರೆ ಪ್ಯಾಕೇಜಿನ ಬೆಲೆಗೇನೂ ಕುಂದು ಬರುತ್ತಿರಲಿಲ್ಲ.

ಹಾಸನದಲ್ಲಿ ನಡೆದದ್ದು ಏನು ಎನ್ನುವುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. 2025ರ ಮೇ ಮತ್ತು ಜೂನ್‌ನಲ್ಲಿ, ಸುಮಾರು ನಲವತ್ತು ದಿನಗಳ ಅಂತರದಲ್ಲಿ, ಆ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಠಾತ್ ಸಾವುಗಳಾದವೆಂಬ ಸುದ್ದಿ ಹರಡಿತು. ಸತ್ತವರಲ್ಲಿ ಎಳೆಯ ವಯಸ್ಸಿನವರಿದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. 2021ರ ಅಕ್ಟೋಬರ್ 29ರಂದು 46ರ ವಯಸ್ಸಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಕಂಡಿದ್ದ ಸಾಲು ಇನ್ನೊಮ್ಮೆ ಕಂಡಿತು. ಸರ್ಕಾರ ಆಗಿನ ಜಯದೇವ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿಯ ಕೈಗೆ ಬಂದದ್ದು 24 ಸಾವುಗಳ ಕಡತ. ಅದರಲ್ಲಿ 4 ಹೃದಯಕ್ಕೆ ಸಂಬಂಧವೇ ಇಲ್ಲದವು. ಉಳಿದ 20ರಲ್ಲಿ ಅರ್ಧಕ್ಕೆ ಹೃದಯವೇ ಕಾರಣ ಎನ್ನಲು ಪುರಾವೆ ಸಿಕ್ಕಿತು, ಇನ್ನರ್ಧವನ್ನು 'ಇರಬಹುದು' ಎಂದಷ್ಟೇ ಹೇಳಲಾಯಿತು. ಆ ಅರ್ಧ ಯಾಕೆ 'ಇರಬಹುದು' ಆಯಿತು? ಮರಣೋತ್ತರ ಪರೀಕ್ಷೆ ಆಗಿರಲಿಲ್ಲ, ಇಸಿಜಿ ಇರಲಿಲ್ಲ. ಹಿಂದಿನ ಅವಧಿಗೆ ಹೋಲಿಸಿದರೆ ಅಸಹಜ ಏರಿಕೆ ಇಲ್ಲವೆಂದೂ, ಕೋವಿಡ್ ಲಸಿಕೆಗೆ ಇದನ್ನು ಗಂಟು ಹಾಕಲು ಆಧಾರವಿಲ್ಲವೆಂದೂ ತಜ್ಞರು ಹೇಳಿದರು. ಆ ಮಾತು ಸುದ್ದಿಯಷ್ಟು ದೂರ ಹೋಗಲಿಲ್ಲ. ದೊಡ್ಡೇರಿಗಂತೂ ಬರಲೇ ಇಲ್ಲ.

ಆದರೂ ತಮ್ಮನ ಪ್ರಶ್ನೆ ನ್ಯಾಯವಾದದ್ದೇ. ಒಂದು ಸಿರಿಂಜು ರಕ್ತದಲ್ಲಿ ಸಕ್ಕರೆ ಎಷ್ಟಿದೆ, ಮೂತ್ರಪಿಂಡ ಹೇಗಿದೆ ಎಂದು ಹೇಳುವ ಕಾಲದಲ್ಲಿ, ನಾಳೆ ನಿಂತುಹೋಗುವ ಹೃದಯದ ಗುರುತನ್ನು ಯಾಕೆ ಹೇಳಬಾರದು?

ಹಠಾತ್ ಹೃದಯ ಸಾವು ಎಂದು ವೈದ್ಯರು ಕರೆಯುವುದಕ್ಕೊಂದು ಕಟ್ಟಳೆಯಿದೆ. ತೊಂದರೆ ಶುರುವಾದ ಒಂದು ಗಂಟೆಯೊಳಗೆ ಜೀವ ಹೋಗಿರಬೇಕು. ಯಾರೂ ನೋಡಿರದಿದ್ದರೆ, ಹಿಂದಿನ ಇಪ್ಪತ್ನಾಲ್ಕು ಗಂಟೆಯೊಳಗೆ ಚೆನ್ನಾಗಿದ್ದದ್ದನ್ನು ಯಾರಾದರೂ ಕಂಡಿರಬೇಕು. ನಮ್ಮ ಕಡೆ ಇದಕ್ಕೆ 'ಹಾರ್ಟ್ ಫೇಲ್' ಅನ್ನುತ್ತಾರೆ. ಡಾಕ್ಟರುಗಳ ಬಾಯಲ್ಲಿ ಹಾರ್ಟ್ ಫೇಲ್ಯೂರ್ ಎಂದರೆ ಬೇರೆ, ವರ್ಷಗಟ್ಟಲೆ ಹೃದಯ ಸೋಲುತ್ತಾ ಕಾಲು ಊದಿಕೊಳ್ಳುವ ಕಾಯಿಲೆ ಅದು. ಹಾರ್ಟ್ ಅಟ್ಯಾಕ್ ಇನ್ನೂ ಬೇರೆ. ಪಂಪ್‌ಸೆಟ್ ಇಟ್ಟವರಿಗೆ ಇದನ್ನು ಹೇಳುವುದು ಸುಲಭ. ಪೈಪಿನಲ್ಲಿ ಕಟ್ಟಿಕೊಂಡು ನೀರು ನಿಂತರೆ ಅದು ಅಟ್ಯಾಕ್. ಸ್ಟಾರ್ಟರ್ ಬಾಕ್ಸಿನಲ್ಲಿ ಕರೆಂಟು ಅಡ್ಡಾದಿಡ್ಡಿಯಾಗಿ, ಮೋಟಾರು ಗುಂಯ್‌ಗುಡುತ್ತಾ ನೀರೆತ್ತದೆ ನಡುಗಿದರೆ ಅದು ಹಠಾತ್ ಸ್ತಂಭನ. ಪೈಪು ಕಟ್ಟಿದ್ದರಿಂದಲೇ ಎಷ್ಟೋ ಸಲ ಕರೆಂಟು ಕೆಡುತ್ತದೆ. ನಲವತ್ತು ದಾಟಿದವರಲ್ಲಿ ಹೆಚ್ಚಾಗಿ ಆಗುವುದು ಹೀಗೆ. ಎಳೆಯರಲ್ಲಿ ಪೈಪು ಚೆನ್ನಾಗಿದ್ದು ವೈರಿಂಗೇ ಹುಟ್ಟಿನಿಂದ ದೋಷದ್ದಾಗಿರಬಹುದು, ಇಲ್ಲವೇ ಹೃದಯದ ಸ್ನಾಯು ದಪ್ಪಗಾಗಿರಬಹುದು.

ರಕ್ತದಲ್ಲಿ ಸಿಗುವ ಗುರುತುಗಳಿಗೆ ಬಯೋಮಾರ್ಕರ್ ಅನ್ನುತ್ತಾರೆ. ಇವುಗಳ ಹುಟ್ಟಿನ ಕತೆಗಳು ಚೆನ್ನಾಗಿವೆ. ಸಿಆರ್‌ಪಿ ಸಿಕ್ಕಿದ್ದು 1930ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಹೃದಯದ ಹೆಸರು ಅದರ ಜೊತೆ ಸೇರಿದ್ದು ಎಷ್ಟೋ ಕಾಲದ ಮೇಲೆ. ಬಿಎನ್‌ಪಿ ಎಂಬ ಇನ್ನೊಂದನ್ನು 1988ರಲ್ಲಿ ಜಪಾನಿನವರು ಹಂದಿಯ ಮಿದುಳಿನಲ್ಲಿ ಕಂಡರು, ಹಾಗಾಗಿ ಅದರ ಮೊದಲಕ್ಷರ ಮಿದುಳಿನದು. ಆಮೇಲೆ ನೋಡಿದರೆ ಅದನ್ನು ಸುರಿಸುವುದು ಮುಖ್ಯವಾಗಿ ಹೃದಯವೇ. ಗೋಡೆಯ ಮೇಲೆ ಒತ್ತಡ ಬಿದ್ದು ಹಿಗ್ಗಿದಾಗ ಹೃದಯ ಕಳಿಸುವ ದೂರು ಅದು. ಇಂದು ಲ್ಯಾಬಿನಲ್ಲಿ ಎನ್‌ಟಿ-ಪ್ರೊಬಿಎನ್‌ಪಿ ಎಂದು ಅಳೆಯುವುದು ಅದರ ಜೊತೆಯಲ್ಲೇ ತುಂಡಾಗಿ ಬೀಳುವ ಭಾಗವನ್ನು. ಟ್ರೊಪೋನಿನ್ ಹೃದಯದ ಸ್ನಾಯುವಿನೊಳಗಿನ ಪ್ರೋಟೀನು, ಸ್ನಾಯು ಸತ್ತಾಗ ಸೋರುತ್ತದೆ. ಈಗಿನ ಸೂಕ್ಷ್ಮ ಪರೀಕ್ಷೆಗಳು, ಆರೋಗ್ಯವಂತರೆನಿಸಿಕೊಂಡವರಲ್ಲಿ ಹನಿಹನಿಯಾಗಿ ಸೋರುವುದನ್ನೂ ಹಿಡಿಯುತ್ತವೆ. ಲೈಪೊಪ್ರೋಟೀನ್ (ಎ) ಎಂಬ ಕೊಬ್ಬಿನ ಕಣವನ್ನು 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಗುರುತಿಸಿದರು. ಅದು ಅಪ್ಪ ಅಮ್ಮನಿಂದ ಬರುವ ಆಸ್ತಿ. ಊಟ ಬದಲಿಸಿದರೂ ಓಡಿದರೂ ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತದೆ. ಬದುಕಿನಲ್ಲಿ ಒಂದು ಸಲವಾದರೂ ಅದನ್ನು ನೋಡಿಸಿಕೊಳ್ಳಿ ಎಂದು ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ಮಾರ್ಗಸೂಚಿಯಲ್ಲಿ ಹೇಳಿತು. ನನಗೆ ಕೇಳಿದರೆ, ಪ್ಯಾಕೇಜುಗಳ ಅರವತ್ತು ಸಾಲುಗಳಲ್ಲಿ ಕಾಸಿಗೆ ತಕ್ಕ ಕಜ್ಜಾಯ ಇದೊಂದೇ. ತಮ್ಮನ ಹನ್ನೊಂದು ಹಾಳೆಯಲ್ಲಿ ಅದೇ ಇರಲಿಲ್ಲ.

ಈ ಗುರುತುಗಳು ಹಠಾತ್ ಸಾವನ್ನು ಮುಂಗಂಡಿವೆಯೇ? ಒಂದು ಮಟ್ಟಿಗೆ ಹೌದು. 1982ರಲ್ಲಿ ಅಮೆರಿಕದ 22,071 ಗಂಡು ಡಾಕ್ಟರುಗಳನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ಶುರುವಾಯಿತು. ಅವರಲ್ಲಿ ಹಲವರ ರಕ್ತವನ್ನು ತೆಗೆದಿಟ್ಟು ಹದಿನೇಳು ವರ್ಷ ಕಾದರು. ರಕ್ತ ಕೊಟ್ಟವರಲ್ಲಿ 97 ಮಂದಿ ಹಠಾತ್ತನೆ ಸತ್ತರು. ಹಳೆಯ ರಕ್ತ ತೆಗೆದು ನೋಡಿದಾಗ, ಸಿಆರ್‌ಪಿ ಅತಿ ಹೆಚ್ಚಿದ್ದ ಕಾಲು ಭಾಗದವರಿಗೆ, ಅತಿ ಕಡಿಮೆಯಿದ್ದ ಕಾಲು ಭಾಗದವರಿಗಿಂತ ಅಪಾಯ 2.78 ಪಟ್ಟು ಇದ್ದದ್ದು ಕಂಡಿತು. ಕ್ರಿಸ್ಟೀನ್ ಆಲ್ಬರ್ಟ್ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಪ್ರಕಟಿಸಿದರು. ನರ್ಸುಗಳ ಮೇಲೆ ನಡೆದ ಇಂಥದೇ ಇನ್ನೊಂದು ಅಧ್ಯಯನದಲ್ಲಿ, ಹೆಂಗಸರಲ್ಲಿ, ಎನ್‌ಟಿ-ಪ್ರೊಬಿಎನ್‌ಪಿ ಅದೇ ಸುಳಿವು ಕೊಟ್ಟಿತು. ಅರವತ್ತೈದು ದಾಟಿದವರಲ್ಲಿ ಟ್ರೊಪೋನಿನ್ ಕೊಟ್ಟಿತು.

2.78 ಪಟ್ಟು! ಕೇಳಿದರೆ ಎದೆ ಝಲ್ಲೆನ್ನುತ್ತದೆ. ಈ ಅಂಕಿಯನ್ನು ಒಮ್ಮೆ ನಮ್ಮ ಹೋಬಳಿಗೆ ತಂದು ಇಳಿಸಿ ನೋಡೋಣ. ಲೆಕ್ಕಕ್ಕೆಂದು ಹತ್ತು ಸಾವಿರ ದೊಡ್ಡವರು ಎಂದುಕೊಳ್ಳಿ. ವರ್ಷಕ್ಕೆ ಹತ್ತು ಹಠಾತ್ ಸಾವು ಎಂದುಕೊಳ್ಳಿ. ಎಲ್ಲರ ರಕ್ತ ತೆಗೆದು, ಗುರುತು ಹೆಚ್ಚಿರುವ ಎರಡು ಸಾವಿರ ಜನರನ್ನು ಕೆಂಪು ಪಟ್ಟಿಗೆ ಹಾಕಿದೆವು. ಅವರ ಅಪಾಯ ಮಿಕ್ಕವರಿಗಿಂತ ಎರಡೂವರೆ ಪಟ್ಟಿಗೂ ತುಸು ಹೆಚ್ಚು. ಆಗ ಹತ್ತು ಸಾವಿನಲ್ಲಿ ನಾಲ್ಕು ಕೆಂಪು ಪಟ್ಟಿಯಲ್ಲಿ ಆಗುತ್ತವೆ, ಆರು ಮಿಕ್ಕ ಎಂಟು ಸಾವಿರದಲ್ಲಿ. ಅಂದರೆ ಆ ವರ್ಷ ಏನೂ ಆಗದ 1,996 ಮಂದಿಯ ನಿದ್ದೆ ಕೆಡಿಸಿದೆವು. ಸಾಯಲಿರುವ ಆರು ಮಂದಿಗೆ 'ನಿಮಗೇನೂ ಇಲ್ಲ, ಹೋಗಿ ಆರಾಮಾಗಿರಿ' ಎಂದು ಚೀಟಿ ಕೊಟ್ಟೆವು.

ಪರೀಕ್ಷೆ ಸುಳ್ಳು ಹೇಳಲಿಲ್ಲ. ಲೆಕ್ಕ ಇರುವುದೇ ಹಾಗೆ. ಮಯಾಮಿಯ ಹೃದ್ರೋಗ ತಜ್ಞ ರಾಬರ್ಟ್ ಮೈಯರ್‌ಬರ್ಗ್ ಮೂರು ದಶಕಗಳ ಹಿಂದೆಯೇ ಇದನ್ನು ತೋರಿಸಿದ್ದರು. ಅಪಾಯ ಅತಿ ಹೆಚ್ಚಿರುವ ಗುಂಪು ಚಿಕ್ಕದು. ಹೆಚ್ಚಿನ ಸಾವುಗಳು ಆಗುವುದು ಅಪಾಯ ಕಡಿಮೆಯೆಂದು ಕರೆಸಿಕೊಂಡ ದೊಡ್ಡ ಗುಂಪಿನಲ್ಲಿ. ಹೃದಯದ ಪಂಪಿಂಗ್ ಶೇಕಡಾ ಮೂವತ್ತೈದಕ್ಕಿಂತ ಕೆಳಗಿಳಿದವರಿಗೆ ಎದೆಯೊಳಗೆ ಶಾಕ್ ಕೊಡುವ ಐಸಿಡಿ ಯಂತ್ರ ಕೂರಿಸುವುದು ಇಂದಿನ ರೂಢಿ, ಅದರಿಂದ ಜೀವ ಉಳಿಯುವುದೂ ನಿಜ. ಆದರೆ ಪೋರ್ಟ್‌ಲ್ಯಾಂಡ್ ನಗರದಲ್ಲಿ ಸುಮೀತ್ ಚುಗ್ ಅವರ ತಂಡ 2002ರಿಂದ ಹಠಾತ್ ಸಾವುಗಳ ಬೆನ್ನು ಹತ್ತಿ ನೋಡಿದಾಗ, ಮೊದಲೇ ಪಂಪಿಂಗ್ ಅಳೆಸಿಕೊಂಡಿದ್ದವರಲ್ಲಿ ಆ ಗೆರೆಯ ಕೆಳಗಿದ್ದವರು ಮೂರರಲ್ಲೊಂದು ಪಾಲು ಮಾತ್ರ.

ಪಾಯಿಂಟ್ ನೋಡುವ ಕೆಲಸವೂ ಇದೇ ಅಲ್ಲವೇ? ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಕಡೆ ನೀರು ಆಳಕ್ಕೆ ಹೋಗಿದೆ ಎನ್ನುವುದು ಖಂಡಿತ. ಹತ್ತು ಬೋರು ಹೊಡೆದರೆ ಇಷ್ಟರಲ್ಲಿ ನೀರು ಬಂದೀತು ಎಂದು ಲಾರಿಯವರು ಅಂದಾಜು ಹೇಳಬಲ್ಲರು. ಈ ಬೇವಿನ ಮರದ ಪಕ್ಕದ ಕಲ್ಲಿನ ಕೆಳಗೆ ಬರುತ್ತದೆಯೇ ಎಂದರೆ ಮಾತ್ರ ತೆಂಗಿನಕಾಯಿಯೂ ತಬ್ಬಿಬ್ಬು, ಮೀಟರೂ ತಬ್ಬಿಬ್ಬು. ನಾನು ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಮೀಟರಿಗೆ ಕಲ್ಲಿನೊಳಗಿನ ಬಿರುಕು ಸ್ವಲ್ಪವಾದರೂ ಕಾಣುತ್ತದೆ, ರಕ್ತಕ್ಕೆ ರಕ್ತನಾಳದ ಉರಿ ಸ್ವಲ್ಪವಾದರೂ ಕಾಣುತ್ತದೆ. ಆದರೆ ಬಿರುಕು ಕಂಡ ಮಾತ್ರಕ್ಕೆ ಅದರಲ್ಲಿ ನೀರಿದೆ ಎಂದಲ್ಲ. ರಕ್ತ ತೋರಿಸುವುದು ನೆಲ ಎಂಥದ್ದೆಂದು. ಸ್ಟಾರ್ಟರ್ ಯಾವ ರಾತ್ರಿ ಟ್ರಿಪ್ ಆಗುತ್ತದೆ ಎನ್ನುವುದು ಬೇರೆಯೇ ಸಂಗತಿ. ಒಂದು ರಾತ್ರಿಯ ವಿಪರೀತ ಕುಡಿತ, ವಾಂತಿಭೇದಿಯಿಂದ ಇಳಿದುಹೋದ ಪೊಟ್ಯಾಶಿಯಂ, ಅಭ್ಯಾಸವಿಲ್ಲದ ಮೈಗೆ ಬಿದ್ದ ಭಾರಿ ಕೆಲಸ, ಇವು ಮೂರು ತಿಂಗಳ ಹಿಂದಿನ ಲ್ಯಾಬ್ ರಿಪೋರ್ಟಿನಲ್ಲಿ ಹೇಗೆ ಬರಬೇಕು?

ಲಾರಿ ಬಂದ ರಾತ್ರಿ ನಾನೂ ಹೊಲದಲ್ಲಿದ್ದೆ. ಕಂಪ್ರೆಸರಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ರಾಡ್ ಮೇಲೆ ರಾಡ್ ಇಳಿಯುತ್ತಿತ್ತು, ಒಂದೊಂದು ರಾಡಿಗೂ ತಮ್ಮನ ಲೆಕ್ಕ ಏರುತ್ತಿತ್ತು. ಏಳ್ನೂರು ದಾಟಿತು, ಕಾಯಿಯ ಮಾತು ಅಲ್ಲಿಗೆ ಮುಗಿಯಿತು. ಎಂಟುನೂರ ಅರವತ್ತರಲ್ಲಿ ಕೆಸರು ಚಿಮ್ಮಿ ಒಂದೂವರೆ ಇಂಚು ನೀರು ಕಂಡಿತು. ಅಡಿಕೆಗೆ ಸಾಲದು, ಟೊಮೆಟೊಗೆ ಸಾಕು. ನನಗೆ ನೆನಪಿನಲ್ಲಿ ಉಳಿದದ್ದು ನೀರಲ್ಲ. ಶುರು ಮಾಡುವ ಮೊದಲು ಲಾರಿಯ ಮೇಸ್ತ್ರಿ ಕೇಳಿದ ಮಾತು. ಕಲ್ಲನ್ನೂ ನೋಡಲಿಲ್ಲ, ಕುಂಕುಮವನ್ನೂ ನೋಡಲಿಲ್ಲ. 'ಪಕ್ಕದ ತೋಟದಲ್ಲಿ ಎಷ್ಟು ಅಡಿಗೆ ಬಿತ್ತು? ಈ ಹೊಲದಲ್ಲಿ ಹಿಂದೆ ಹೊಡ್ಸಿದ್ದು ಎಲ್ಲಿ, ಯಾವ ಕಲ್ಲು ಬಂತು?'

ಆ ಪ್ರಶ್ನೆಯನ್ನು ಹೃದಯಕ್ಕೂ ಕೇಳಿದವರಿದ್ದಾರೆ. ಪ್ಯಾರಿಸ್ ನಗರದಲ್ಲಿ ಸುಮಾರು ಏಳು ಸಾವಿರ ಗಂಡು ಸರ್ಕಾರಿ ನೌಕರರನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಗಮನಿಸಿದ ಅಧ್ಯಯನವೊಂದಿದೆ. ಅದರ ಫಲಿತಾಂಶವನ್ನು 1999ರಲ್ಲಿ ಗ್ಸೇವಿಯೆ ಜೂವೆನ್ ಪ್ರಕಟಿಸಿದರು. ಅಪ್ಪ ಅಮ್ಮನಲ್ಲಿ ಒಬ್ಬರು ಹಠಾತ್ತನೆ ಸತ್ತಿದ್ದರೆ ಮಗನಿಗೆ ಅದೇ ಸಾವಿನ ಅಪಾಯ 1.8 ಪಟ್ಟು. ಇಬ್ಬರೂ ಹಾಗೆ ಸತ್ತಿದ್ದರೆ ಒಂಬತ್ತು ಪಟ್ಟಿಗೂ ಹೆಚ್ಚು, ಅಂಥವರು ಬೆರಳೆಣಿಕೆಯ ಮಂದಿಯಾದರೂ. ನಮ್ಮ ದೇಶದಲ್ಲಿ, ಹದಿನೆಂಟರಿಂದ ನಲವತ್ತೈದು ವಯಸ್ಸಿನವರ ಕಾರಣ ತಿಳಿಯದ ಹಠಾತ್ ಸಾವುಗಳನ್ನು ಐಸಿಎಂಆರ್ 47 ಆಸ್ಪತ್ರೆಗಳ ಮೂಲಕ ಪರಿಶೀಲಿಸಿ 2023ರಲ್ಲಿ ವರದಿ ಪ್ರಕಟಿಸಿತು. 729 ಸಾವುಗಳು, ಹೋಲಿಕೆಗೆ 2,916 ಮಂದಿ. ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಸಾಯುವ ಎರಡು ದಿನದೊಳಗೆ ವಿಪರೀತ ಕುಡಿದದ್ದು, ಮಾದಕ ವಸ್ತು, ತೀವ್ರ ದೈಹಿಕ ಶ್ರಮ, ಇವೆಲ್ಲದರ ಜೊತೆಗೆ ಅಲ್ಲಿಯೂ ಬಂದ ಇನ್ನೊಂದು ಕಾರಣ: ಮನೆತನದಲ್ಲಿ ಹಠಾತ್ ಸಾವು. ಲಸಿಕೆ ಅಪಾಯ ಹೆಚ್ಚಿಸಿದ್ದು ಕಾಣಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು.

ಮನೆತನದ ಸಾವಿನ ಕತೆ ಸೂಜಿ ಬೇಡದ, ಲ್ಯಾಬು ಬೇಡದ ಗುರುತು. ಎನ್‌ಟಿ-ಪ್ರೊಬಿಎನ್‌ಪಿ ಪರೀಕ್ಷೆಗೆ ಖಾಸಗಿ ಲ್ಯಾಬಿನಲ್ಲಿ ಸಾವಿರದ ಮೇಲೇ ಕೇಳುತ್ತಾರೆ. ಅಪ್ಪ ಹೇಗೆ ಸತ್ತರು ಎಂದು ಕೇಳಲು ಕಾಸಿಲ್ಲ.

ನಮ್ಮ ಕಡೆಗೆ ಇದು ಇನ್ನೂ ಹೆಚ್ಚು ಮುಖ್ಯ, ಅದಕ್ಕೆ ಕಾರಣ ನಮ್ಮ ಮದುವೆಗಳು. ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ಈಗ ಕಡಿಮೆಯಾಗಿದೆ, ನಿಂತಿಲ್ಲ. ಎರಡೂ ಕಡೆಯಿಂದ ಒಂದೇ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳಿಗೆ ಇದು ಬಾಗಿಲು ತೆರೆಯುತ್ತದೆ. 1957ರಲ್ಲಿ ನಾರ್ವೆಯ ಜೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಎಂಬ ವೈದ್ಯರು ಒಂದೇ ಮನೆಯ ಮಕ್ಕಳಲ್ಲಿ ಕಂಡ ಕಾಯಿಲೆಯೊಂದಿದೆ. ಮಗು ಹುಟ್ಟುಕಿವುಡು. ಜೊತೆಗೆ, ಓಡುವಾಗ, ಬೆಚ್ಚಿಬಿದ್ದಾಗ, ಅತ್ತಾಗ ದೊಪ್ಪನೆ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಏಳುತ್ತದೆ. ಒಂದು ದಿನ ಏಳುವುದಿಲ್ಲ. ಕಿವಿಯೊಳಗೂ ಹೃದಯದಲ್ಲೂ ಕೆಲಸ ಮಾಡುವ ಪೊಟ್ಯಾಶಿಯಂ ಬಾಗಿಲು ಒಂದೇ ಆದ್ದರಿಂದ ಎರಡೂ ಒಟ್ಟಿಗೆ ಕೆಡುತ್ತವೆ. ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಉದ್ದವಾಗಿ ಕಾಣುತ್ತದೆ. ಹಳ್ಳಿಯಲ್ಲಿ ಇಂಥ ಮಗುವಿಗೆ ಸಿಗುವುದು ಮೂರ್ಛೆರೋಗದ ಮಾತ್ರೆ, ಕಬ್ಬಿಣದ ಬೀಗದ ಕೈ, ತಾಯತ. ತಾಲ್ಲೂಕು ಆಸ್ಪತ್ರೆಯಲ್ಲಿ ಹತ್ತು ನಿಮಿಷದಲ್ಲಿ ಆಗುವ ಇಸಿಜಿಯನ್ನು ಕಿವುಡು ಮಗುವಿಗೆ ಮಾಡಿಸಬೇಕೆಂದು ಯಾರಿಗೆ ಹೊಳೆಯಬೇಕು? ಕಿವುಡಿಗೂ ಎದೆಗೂ ಏನು ಸಂಬಂಧ ಎಂದೇ ಕೇಳುತ್ತಾರೆ. ಹುಟ್ಟುಕಿವುಡಿರುವ ಮಕ್ಕಳ ಶಾಲೆಗಳಲ್ಲಿ ಒಂದು ಸಲ ಇಸಿಜಿ ಮಾಡಿದರೆ, ಹತ್ತು ಸಾವಿರ ಜನರ ಸಿಆರ್‌ಪಿ ನೋಡುವುದಕ್ಕಿಂತ ಲಾಭ ಎಂದು ನನಗನ್ನಿಸುತ್ತದೆ. ಕಾಯಿಲೆ ವಿರಳ, ಒಪ್ಪುತ್ತೇನೆ. ಆದರೆ ಸಿಕ್ಕ ಮಗುವನ್ನು ಉಳಿಸಲು ಬೀಟಾ ಬ್ಲಾಕರ್ ಎಂಬ ಹಳೆಯ, ಅಗ್ಗದ ಮಾತ್ರೆಯಿಂದಲೇ ಚಿಕಿತ್ಸೆ ಶುರುವಾಗುತ್ತದೆ.

ವಂಶವಾಹಿಯ ಮಾತಿಗೆ ಬಂದರೆ ಒಂದು ಎಚ್ಚರಿಕೆಯ ಕತೆಯೂ ಇದೆ. ಎಂವೈಬಿಪಿಸಿ3 ಎಂಬ ಜೀನಿನಲ್ಲಿ 25 ಅಕ್ಷರ ಬಿಟ್ಟುಹೋದ ದೋಷವೊಂದು ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ನಾಲ್ವರಲ್ಲಿದೆ, ಅದು ಹೃದಯದ ಸ್ನಾಯುವಿನ ಕಾಯಿಲೆಯ ಅಪಾಯವನ್ನು ಏಳು ಪಟ್ಟು ಹೆಚ್ಚಿಸುತ್ತದೆ ಎಂದು 2009ರಲ್ಲಿ ಪ್ರಕಟವಾದಾಗ ಜಗತ್ತೇ ತಿರುಗಿ ನೋಡಿತು. ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್, ಆಮೇಲೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಗೆ ಬಂದ ಪಿ.ಎಸ್. ಧಂಡಪಾಣಿ ಮುಂತಾದವರ ಕೆಲಸ ಅದು. ಹತ್ತು ವರ್ಷದ ಮೇಲೆ ಇಂಗ್ಲೆಂಡಿನ ಕಡೆಯ ಸಂಶೋಧಕರು ಮತ್ತೆ ಕೆದಕಿದರು. ಬಿಟ್ಟುಹೋದ ಆ 25 ಅಕ್ಷರದ್ದು ಅಷ್ಟೇನೂ ತಪ್ಪಿಲ್ಲ, ಕೆಲವರಲ್ಲಿ ಅದೇ ಜೀನಿನಲ್ಲಿ ಕೂತು ಜೊತೆಯಲ್ಲಿ ಬರುವ ಇನ್ನೊಂದು ಸಣ್ಣ ಬದಲಾವಣೆಯೇ ಹೆಚ್ಚಿನ ಕೇಡಿಗೆ ಮೂಲ ಎಂದು 2020ರಲ್ಲಿ ತೋರಿಸಿದರು. ಕಳ್ಳನ ಪಕ್ಕದ ಮನೆಯವನನ್ನು ಹಿಡಿದಿದ್ದೆವು. ಗುರುತು ಎಂದರೆ ಇಷ್ಟೇ. ಅದು ಅಪರಾಧಿಯೇ ಆಗಿರಬೇಕಿಲ್ಲ, ಅವನ ಓಣಿಯಲ್ಲಿದ್ದರೂ ಸಾಕು.

ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದು ಕಡೆ ಇದೆ. ಯಾವುದೇ ಗುರುತು ಸಾವನ್ನು ಮುಂಗಂಡಿತು ಎನ್ನಬೇಕಾದರೆ, ಸತ್ತವರು ಯಾವುದರಿಂದ ಸತ್ತರೆಂದು ಗೊತ್ತಿರಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಾ. ಜಿಯಾನ್ ತ್ಸೆಂಗ್ ಅವರ ತಂಡ, ಹಠಾತ್ ಹೃದಯ ಸಾವು ಎಂದು ಬರೆಸಿಕೊಂಡ 525 ಮಂದಿಯ ಮರಣೋತ್ತರ ಪರೀಕ್ಷೆಯ ಫಲಿತಾಂಶವನ್ನು 2018ರಲ್ಲಿ ಹೊರಗಿಟ್ಟಿತು. ನೂರಕ್ಕೆ ಸುಮಾರು ಐವತ್ತಾರು ಮಾತ್ರ ನಿಜವಾಗಿ ಹೃದಯದ ಲಯ ತಪ್ಪಿ ಆದ ಸಾವುಗಳು. ನಲವತ್ತರಷ್ಟು ಹೃದಯದವೇ ಅಲ್ಲ. ಯಾರೂ ಊಹಿಸಿರದ ಮಾದಕ ವಸ್ತು, ಮಿದುಳಿನ ರಕ್ತಸ್ರಾವ, ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ರಕ್ತದ ಹೆಪ್ಪು. ಎಲ್ಲ ಸೌಕರ್ಯವಿರುವ ಊರಿನ ಮಾತು ಇದು. ನಮ್ಮ ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಬರೆದುಕೊಟ್ಟದ್ದು ನೂರಕ್ಕೆ 22.5.

ಉಳಿದವರ ಕಾರಣ ಬರೆಯುವವರು ನಾವೇ. ಗಾಳಿ ತಗುಲಿತು. ಗ್ಯಾಸು ಎದೆಗೆ ಹತ್ತಿತು. ಹೊಲದಲ್ಲಿ ಏನೋ ಮುಟ್ಟಿತು. ದೃಷ್ಟಿ. ಮಣ್ಣಿಗೆ ಹೋಗುವ ಮುಂಚೆ ಕೊಯ್ಯುವುದೇ ಎಂಬ ಸಂಕಟ ನನಗೆ ಅರ್ಥವಾಗದ್ದಲ್ಲ. ನಮ್ಮ ಮನೆಯ ಹೆಣವನ್ನು ಕೊಯ್ಯಲು ನಾನೂ ಒಪ್ಪುತ್ತಿರಲಿಲ್ಲವೇನೋ. ಹಾಸನದ ವರದಿಯ ನಂತರ, 2025ರ ಜುಲೈನಲ್ಲಿ, ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಸರ್ಕಾರಕ್ಕೆ ತಿಳಿಸುವುದು ಮತ್ತು ಮರಣೋತ್ತರ ಪರೀಕ್ಷೆ ಮಾಡಿಸುವುದು ಕಡ್ಡಾಯ ಎಂದು ರಾಜ್ಯ ಸರ್ಕಾರ ಘೋಷಿಸಿತು. ಶಾಲಾ ಮಕ್ಕಳ ಹೃದಯ ತಪಾಸಣೆ, ಜನ ಸೇರುವ ಜಾಗಗಳಲ್ಲಿ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ, ಹೃದಯ ಜ್ಯೋತಿ ಯೋಜನೆಯ ವಿಸ್ತರಣೆ ಎಲ್ಲವೂ ಅದೇ ಪಟ್ಟಿಯಲ್ಲಿದ್ದವು. ಪಟ್ಟಿಯಲ್ಲಿ ನನಗೆ ಬಂಗಾರದಂತೆ ಕಂಡದ್ದು ಮರಣೋತ್ತರ ಪರೀಕ್ಷೆಯ ಸಾಲು. ಟಿ.ವಿ.ಯವರಿಗೆ ಅದು ಕಾಣಲಿಲ್ಲ.

ಪುನೀತ್ ಹೆಸರಿನ ಹೃದಯ ಜ್ಯೋತಿಯ ಬಗ್ಗೆ ಒಂದು ಮಾತು. ಎದೆನೋವು ಎಂದು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅದನ್ನು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅಟ್ಯಾಕ್ ಎಂದಾದರೆ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಚುಚ್ಚುಮದ್ದನ್ನು ಪುಕ್ಕಟೆ ಕೊಡುವ ಯೋಜನೆ ಅದು. ಹತ್ತಾರು ಸಾವಿರ ಬೆಲೆಯ ಔಷಧ. ಮುಂಗಾಣುವ ಆಟಕ್ಕಿಂತ ಇದು ಎಷ್ಟೋ ಮೇಲು. ಆದರೆ ಅಲ್ಲಿಗೆ ಹೋಗಿ ತಲುಪಬೇಕಲ್ಲ! ಬೆಂಗಳೂರಿನ ಸೇಂಟ್ ಜಾನ್ಸ್‌ನವರು ಮುಂದೆ ನಿಂತು ದೇಶದ 89 ಆಸ್ಪತ್ರೆಗಳಲ್ಲಿ ಮಾಡಿದ ಸಮೀಕ್ಷೆ 2008ರಲ್ಲಿ ಪ್ರಕಟವಾಯಿತು. ದೊಡ್ಡ ಅಟ್ಯಾಕ್ ಆದವರು ಆಸ್ಪತ್ರೆ ಮುಟ್ಟಲು ತೆಗೆದುಕೊಂಡ ಹೊತ್ತು, ನಡುವಿನ ಲೆಕ್ಕದಲ್ಲಿ, ಆರು ಗಂಟೆ. ಒಳಗೆ ಬಂದ ಮೇಲೆ ಔಷಧ ಕೊಡಲು ಹಿಡಿದದ್ದು ಐವತ್ತು ನಿಮಿಷ. ಆ ಆರು ಗಂಟೆ ಎಲ್ಲಿ ಹೋಗುತ್ತದೆಂದು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಒಂದು ಸೋಡಾ, ಒಂದು ಜೆಲುಸಿಲ್, ಬೆನ್ನಿಗೆ ಎಣ್ಣೆ, ಬೆಳಗಾಗಲಿ ನೋಡಾಣ.

ಬೋರು ಮುಗಿದ ಮೂರನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದರು. ಮೂವತ್ತು ದಾಟಿದವರ ಬಿಪಿ, ಶುಗರ್ ವಿವರಕ್ಕೆಂದು ಅವರು ತುಂಬಿಸಿಕೊಳ್ಳುವ ನಮೂನೆಯೊಂದಿದೆ. ವಯಸ್ಸಿಗಿಷ್ಟು, ಬೀಡಿ ತಂಬಾಕಿಗಿಷ್ಟು, ಕುಡಿತಕ್ಕಿಷ್ಟು, ಸೊಂಟದ ಸುತ್ತಳತೆಗಿಷ್ಟು ಎಂದು ಅಂಕ. ಒಟ್ಟು ನಾಲ್ಕು ದಾಟಿದರೆ ಬೇಗ ತಪಾಸಣೆಗೆ ಕಳಿಸಬೇಕು. ಹನ್ನೊಂದು ಹಾಳೆಯ ರಿಪೋರ್ಟಿಗಿಂತ ಈ ಒಂದು ಹಾಳೆ ನನಗೆ ಹೆಚ್ಚು ಬುದ್ಧಿವಂತವಾಗಿ ಕಂಡಿತು. ಅಂಕದ ಭಾಗದ ಕೊನೆಯ ಪ್ರಶ್ನೆ, ತಂದೆ ತಾಯಿ ಒಡಹುಟ್ಟಿದವರಲ್ಲಿ ಯಾರಿಗಾದರೂ ಬಿಪಿ, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇದೆಯೇ? ಹೌದಾದರೆ ಎರಡು ಅಂಕ.

'ಇಲ್ಲ ಬರ್ಕೊಳ್ಳಮ್ಮ' ಅಂದ ತಮ್ಮ.

ನಾನು ಅವನ ಮುಖ ನೋಡಿದೆ. ಚಿಕ್ಕಪ್ಪ ಹೋದಾಗ ನಾನು ಬೆಂಗಳೂರಿನಿಂದ ರಾತ್ರೋರಾತ್ರಿ ಬಂದಿದ್ದೆ. 'ಲೋ, ಚಿಕ್ಕಪ್ಪ?'

'ಅಪ್ಪಂಗೆ ಕಾಯಿಲೆ ಎಲ್ಲಿತ್ತಣ್ಣ? ಒಂದಿನಾನಾದ್ರೂ ಆಸ್ಪತ್ರೆ ಮೆಟ್ಲು ಹತ್ತಿದ್ನಾ? ಉಂಡು ಮಲಗಿದ್ದ, ಬೆಳಿಗ್ಗೆ ಏಳ್ಲಿಲ್ಲ. ನಲವತ್ತೆಂಟಕ್ಕೇ ಹಾರ್ಟ್ ಫೇಲ್ ಆಗಿ ಹೋದ ಅಷ್ಟೆ.' ಅವನ ದನಿಯಲ್ಲಿ ತುಸು ಹೆಮ್ಮೆಯೂ ಇತ್ತು.

ಆಶಾ ಕಾರ್ಯಕರ್ತೆ ಪೆನ್ನು ಎತ್ತಿ ಹಿಡಿದರು. ಜಗಲಿಯ ಮೂಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದಳು, 'ನಿಮ್ಮ ತಾತನೂ ಹಂಗೇ ಅಲ್ವೇನೋ. ಕಡ್ಲೇಕಾಯಿ ಕೀಳ್ತಾ ಇದ್ದೋರು, ಉಸ್ಸಪ್ಪಾ ಅಂತ ಕೂತ್ರು. ನೀರು ತರಾ ಹೊತ್ಗೆ ಆಗೋಗಿತ್ತು. ಗಾಳಿ ಅಂದ್ರು ಎಲ್ಲಾರೂ. ಅವರಣ್ಣಾನೂ ಸಂತೆಗೋದೋನು ಬಡವನಹಳ್ಳಿ ದಾರೀಲೇ...'

'ತಾತಂಗೆ ಎಷ್ಟು ವಯಸ್ಸಿತ್ತಜ್ಜಿ? ಯಾವ ವರ್ಷ?'

'ವಯಸ್ಸು ಯಾರಿಗೆ ಗೊತ್ತು ತಾಯಿ. ಕೆರೆ ಕೋಡಿ ಬಿದ್ದಿತ್ತಲ್ಲ, ಆ ವರ್ಷ.'

ನಮೂನೆಯಲ್ಲಿ ಇದ್ದದ್ದು ಹೌದು, ಇಲ್ಲ ಎಂಬ ಎರಡೇ ಮನೆ. ಆಕೆ 'ಹೌದು' ಎನ್ನುವುದಕ್ಕೆ ಗುರುತು ಹಾಕಿ, ಹಾಳೆಯನ್ನು ಅಡ್ಡ ತಿರುಗಿಸಿಕೊಂಡು, ಅಂಚಿನ ಖಾಲಿ ಜಾಗದಲ್ಲಿ ಸಣ್ಣಗೆ ಬರೆದುಕೊಂಡರು. ತಂದೆ, 48, ನಿದ್ದೆಯಲ್ಲಿ. ತಾತ, ಹೊಲದಲ್ಲಿ, ಕೆರೆ ಕೋಡಿ ಬಿದ್ದ ವರ್ಷ. ದೊಡ್ಡ ತಾತ, ಬಡವನಹಳ್ಳಿ ದಾರಿ. ಆಮೇಲೆ ತಮ್ಮನ ಕಡೆ ತಿರುಗಿ, 'ಸೋಮವಾರ ಮಧುಗಿರಿಗೆ ಬಾಣ್ಣ, ಇಸಿಜಿ ಮಾಡ್ಸಾಣ. ತಮ್ಮಂದಿರು ಇದ್ರೆ ಅವರನ್ನೂ ಕರ್ಕೊಂಡು ಬಾ' ಅಂದರು.